ಮಾವನ ಕಾಗದ, ನನ್ನ ಬುಟ್ಟಿ

ಮಾವನ ಕಾಗದಗಳನ್ನು ಒರಲೆ ತಿನ್ನಲಿಲ್ಲ. ನಾನೇ ಅವನ್ನು ನೀರಿನಲ್ಲಿ ನೆನೆಹಾಕಿ, ಮೆಂತ್ಯ ಸೇರಿಸಿ ಕುಟ್ಟಿ, ಬುಟ್ಟಿ ಮಾಡಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಮುಂದೆ ಹೇಳುವ ಸಂಗತಿ ಓದಿ ಕೆಲವರು, ಪಾಪ, ಏನೋ ಮಾಯೆ ನಡೆದಿದೆ ಎಂದು ನನ್ನ ತಪ್ಪನ್ನು ಬಿಟ್ಟುಬಿಡಬಹುದು. ಮಾಯೆ ನಡೆದಿದ್ದರೆ ಅದು ಆಮೇಲೆ. ಅದಕ್ಕೂ ಮೊದಲು ನಡೆದದ್ದು ನನ್ನ ಕೈಯ ಕೆಲಸ.

ನಾನು ಓದಿದ್ದು ಮೂರನೇ ಇಯತ್ತೆಯವರೆಗೆ. ಇಲ್ಲಿ ಕಾಗುಣಿತ ಸರಿಯಿದ್ದರೆ ಅದು ನನ್ನ ಮೊಮ್ಮಗಳದ್ದು, ಮಾತು ಮಾತ್ರ ನನ್ನದು. ದೆವ್ವ, ಗಾಳಿ, ಸೋಂಕು ಇವನ್ನು ನಾನು ನಂಬಿದವಳಲ್ಲ. ನನ್ನ ತವರು ಇಂಡಿ ತಾಲೂಕಿನ ಕಡೆ, ನಿಂಬೆ ತೋಟಗಳ ನಡುವೆ. ಅಲ್ಲಿ ಯಾರಿಗಾದರೂ ಗಾಳಿ ಬಡಿದಿದೆ ಅಂದರೆ, 'ಅಕಿಗೆ ಮನ್ಯಾಗ ಕೆಲಸ ಕಮ್ಮಿ ಆಗೇತಿ' ಎಂದು ನಾನು ಅನ್ನುತ್ತಿದ್ದೆ. ಹಾಗೆ ಅಂದವಳಿಗೇ ಇದು ಆಯಿತು, ಅದೂ ಹಾಡುಹಗಲು, ಊಟದ ಹೊತ್ತು ಮುಗಿದ ಮೇಲೆ.

ನನ್ನನ್ನು ಕೊಟ್ಟದ್ದು ಬಾಗೇವಾಡಿಯಿಂದ ಮುದ್ದೇಬಿಹಾಳಕ್ಕೆ ಹೋಗುವ ದಾರಿಯ ಒಂದು ಊರಿಗೆ. ಹೆಸರು ಬೇಡ. ಮಾವ ಊರ ಚಾವಡಿಯಲ್ಲಿ ಓಲೆಕಾರನಾಗಿದ್ದ. ಚಾವಡಿಯ ಕಸ ಹೊಡೆಯುವುದು, ಸಾಹೇಬರ ಕಾಗದ ಊರೂರಿಗೆ ಮುಟ್ಟಿಸುವುದು ಅವನ ಕೆಲಸ. ಅದು ಹೊಟ್ಟೆಗೆ. ಅವನ ಜೀವವೆಲ್ಲ ಇದ್ದದ್ದು ಊರೂರಲ್ಲಿ ರಾತ್ರಿ ಆಡುವ ಸಣ್ಣಾಟದಲ್ಲಿ. ಆಟದ ಮಾತು, ಪದ, ಎಲ್ಲ ತಾನೇ ಕಟ್ಟಿ ಬರೆಯುತ್ತಿದ್ದ. ನಮ್ಮ ಸೀಮೆ ಮುಂಬೈ ಸರಕಾರ ಬಿಟ್ಟು ಮೈಸೂರಿಗೆ ಸೇರಿದಾಗ ಚಾವಡಿಯ ಮರಾಠಿ ಫಾರಂಗಳು ದಂಡಿಯಾಗಿ ರದ್ದಿಗೆ ಬಿದ್ದವು. ಮಾವ ಅವನ್ನು ಹೊತ್ತು ತಂದು ಹಿಂದಿನ ಖಾಲಿ ಬದಿಯಲ್ಲಿ ಬರೆದ. ಮುಂದೆ ನೋಡಿದರೆ ಅಚ್ಚು ಹಾಕಿದ ಮರಾಠಿ, ತಿರುವಿದರೆ ಮಾವನ ಆಟ. ಎಲ್ಲವನ್ನೂ ಒಂದು ಕಟ್ಟಿಗೆಯ ಪೆಟ್ಟಿಗೆಯಲ್ಲಿ ತುಂಬಿಟ್ಟಿದ್ದ.

ಅವನ ಆಟಗಳಲ್ಲಿ ಒಂದು ಬಾಯಿಬಡಕಿ ಸೊಸೆಯದು. ಅತ್ತೆಗೆ ಒಂದಕ್ಕೆ ಎರಡು ಅನ್ನುವ ಸೊಸೆ. ಆ ಸೊಸೆ ನಾನೇ ಎಂಬುದು ನನ್ನನ್ನು ಬಿಟ್ಟು ಉಳಿದವರಿಗೆಲ್ಲ ಗೊತ್ತಿತ್ತು. ಒಮ್ಮೆ ಸಿಂದಗಿ ಸಂತೆಯಲ್ಲಿ ಗುರುತಿಲ್ಲದ ಹೆಂಗಸೊಬ್ಬಳು ನನ್ನನ್ನು ನೋಡಿ ಬಾಯಿಗೆ ಸೆರಗು ಹಿಡಿದಳು.

"ಓಲೆಕಾರನ ಸೊಸಿ ಅಲ್ಲೇನ ಬೇ ನೀ? ಅತ್ತಿಗೆ ಅಂದೀಯಲ್ಲ, ಅದೊಂದ ಮಾತ ಅಂದು ತೋರಸು."

"ನಿನ್ನ ಅತ್ತಿನ್ನ ಕರಕೊಂಡ ಬಾ, ಅಕೀಗೇ ಅಂತೇನಿ" ಎಂದೆ. ಸುತ್ತ ಇದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಮುಂದಿನ ಸಲ ಆಟ ಆಡಿದಾಗ ಈ ಮಾತೂ ಅದರೊಳಗೆ ಇತ್ತಂತೆ. ಹೆಂಗಸರು ಆಟ ನೋಡಲು ಹೋಗುವ ರೂಢಿ ನಮ್ಮ ಮನೆಯಲ್ಲಿ ಇರಲಿಲ್ಲ. ನನ್ನ ಮಾತಿಗೆ ಹತ್ತು ಹಳ್ಳಿ ನಗುತ್ತಿತ್ತು, ನಾನು ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ.

ಧಾರವಾಡದಿಂದ ಒಬ್ಬ ಮಾಸ್ತರು ಬಂದದ್ದು ಒಂದು ಸುಗ್ಗಿ ಮುಗಿದ ಮೇಲೆ. ಕಾಲೇಜಿನಲ್ಲಿ ಕಲಿಸುವವರು, ಹಳ್ಳಿಯ ಆಟ, ಪದ ಕೂಡಿಸುತ್ತಾ ತಿರುಗುವವರು. ದನಿ ಹಿಡಿಯುವ ಯಂತ್ರ ಹೊತ್ತು ತಂದಿದ್ದರು. ನಮ್ಮೂರಿಗೆ ಇನ್ನೂ ಲೈಟು ಬಂದಿರಲಿಲ್ಲ, ಅದು ಸೆಲ್ಲಿನ ಮೇಲೆ ನಡೆಯುತ್ತಿತ್ತು. ಎರಡು ಚಕ್ರ, ಒಂದರಿಂದ ಒಂದಕ್ಕೆ ಕಂದು ಬಣ್ಣದ ಪಟ್ಟಿ ಸುತ್ತಿಕೊಳ್ಳುತ್ತದೆ. ಮಾವ ಅದರ ಮುಂದೆ ಕುಳಿತು ಪದ ಹಾಡಿದ. ಚಹಾ ತಂದಿಟ್ಟು ಎಷ್ಟು ಹೊತ್ತಾದರೂ ಇಬ್ಬರೂ ಮುಟ್ಟಲಿಲ್ಲ. ಕೊನೆಗೆ ನಾನು, "ಮಾವಾರ, ಚಾ ಆರಾಕತ್ತೈತ್ರಿ" ಎಂದು ಒದರಿದೆ. ಮಾಸ್ತರು ನಕ್ಕು ಯಂತ್ರ ನಿಲ್ಲಿಸಿದರು. ಸೆಲ್ಲೂ ಮುಗಿಯುತ್ತ ಬಂದಿತ್ತು. ಬರುವ ವರ್ಷ ಬಂದು ಉಳಿದ ಪದ ಹಿಡಿಯುತ್ತೇನೆ, ಪೆಟ್ಟಿಗೆಯ ಕಾಗದ ಒಯ್ದು ನಕಲು ಮಾಡಿಸಿ ತಿರುಗಿ ಕೊಡುತ್ತೇನೆ ಎಂದರು.

ಅವರು ಬರುವವರೆಗೆ ಮಾವ ಉಳಿಯಲಿಲ್ಲ. ಶ್ರಾವಣದಲ್ಲಿ ಹೋದ. ಹೋಗುವ ಮುನ್ನಾದಿನ ನನ್ನನ್ನು ಕರೆದು, "ಪೆಟಗಿ ಜ್ವಾಕಿ ಬೇ. ಮಾಸ್ತರ ಬರ್ತಾನ, ಅವನ ಕೈಯಾಗ ಕೊಡು" ಎಂದ. ಹೂಂ ಅಂದೆ. ಸುದ್ದಿ ತಿಳಿದು ಮಾಸ್ತರು ಕಾರ್ಡು ಬರೆದರು. ದುಃಖದ ಮಾತು ಎರಡು ಸಾಲು, ಆಮೇಲೆ 'ಕಾಗದಗಳನ್ನು ಜೋಪಾನವಾಗಿ ಇಡಿರಿ, ನಾನು ಬಂದೇ ಬರುತ್ತೇನೆ'. ಮನೆಯಲ್ಲಿ ಅಕ್ಷರ ಬಲ್ಲವಳು ನಾನೊಬ್ಬಳೇ, ಗಂಡ ಹೆಬ್ಬೆಟ್ಟು ಒತ್ತುವವನು. ಅವನಿಗೆ ಓದಿ ಹೇಳಿ, ಕಾರ್ಡನ್ನೂ ಅದೇ ಪೆಟ್ಟಿಗೆಯಲ್ಲಿ ಹಾಕಿದೆ.

ಆ ಬೇಸಿಗೆ ನಾದಿನಿ ಚೊಚ್ಚಲ ಬಾಣಂತನ ಮುಗಿಸಿ ಸಿಂದಗಿಗೆ ಗಂಡನ ಮನೆಗೆ ಹೊರಟಿದ್ದಳು. ನಮ್ಮ ಕಡೆ ಮಗಳನ್ನು ಬರಿಗೈಯಲ್ಲಿ ಕಳಿಸುವುದಿಲ್ಲ. ಉಂಡಿ, ಕೊಡಬಳೆ ತುಂಬಿ ಕಳಿಸಲು ಕಾಗದದ ಬುಟ್ಟಿ ಬೇಕು. ಬಿಸಿಲು ಬಲಿತ ಮೇಲೆ ಹೆಂಗಸರೆಲ್ಲ ಅದನ್ನು ಮಾಡುವವರೇ. ರದ್ದಿ ಕಾಗದ ನಾಲ್ಕು ದಿನ ನೀರಲ್ಲಿ ಕೊಳೆಹಾಕಿ, ನೆನೆದ ಮೆಂತ್ಯದ ಜೊತೆ ಒರಳಲ್ಲಿ ಕುಟ್ಟಿ, ಬೋರಲು ಹಾಕಿದ ಗಡಿಗೆಯ ಮೇಲೆ ಮೆತ್ತಿ ಒಣಗಿಸಿದರೆ ಬುಟ್ಟಿ. ಹುಳ ಹತ್ತುವುದಿಲ್ಲ, ಹತ್ತು ವರ್ಷ ಬಾಳುತ್ತದೆ. ಐದು ಬುಟ್ಟಿಗೆ ಆಗುವಷ್ಟು ರದ್ದಿ ಮನೆಯಲ್ಲಿ ಇರಲಿಲ್ಲ.

ಖಾಲಿ ಫಾರಂ ಇದ್ದರೆ ಅಷ್ಟೇ ತೆಗೆದುಕೊಳ್ಳೋಣ ಎಂದು ಪೆಟ್ಟಿಗೆ ತೆರೆದೆ. ಒಂದು ಹಾಳೆ ತಿರುವಿದೆ. ಅಕ್ಷರ ಕೂಡಿಸಿ ಕೂಡಿಸಿ ಓದಿದೆ. ಬೀಸುವ ಕಲ್ಲಿನ ಮುಂದೆ ಕುಳಿತು ನಾನು ಅತ್ತೆಗೆ ಅಂದ ಮಾತು, ಅಂದದ್ದು ಅಂದ ಹಾಗೇ. ಇನ್ನೊಂದು ಹಾಳೆ. ನಾನು ಗಂಡನಿಗೆ ಅಂದದ್ದು, ಅದು ಗೋಡೆಯ ಆಚೆ ಮಾವನಿಗೆ ಕೇಳಿಸುತ್ತದೆಂದು ಕನಸಲ್ಲೂ ಎಣಿಸಿರಲಿಲ್ಲ. ಮೈಯೆಲ್ಲ ಉರಿಯಿತು. ಸಿಂದಗಿಯ ಸಂತೆ ಕಣ್ಣ ಮುಂದೆ ಬಂತು. ಇದನ್ನೆಲ್ಲ ಮಾಸ್ತರು ಒಯ್ದು ಅಚ್ಚು ಹಾಕಿಸಿದರೆ ಧಾರವಾಡವೂ ನಗುತ್ತದೆ ಅಂದುಕೊಂಡೆ. ಪೆಟ್ಟಿಗೆಯನ್ನು ನೀರು ತುಂಬಿದ ಬಾನಿಗೆ ಬೋರಲು ಹಾಕಿದೆ. ಜೋಪಾನವಾಗಿ ಇಡಿರಿ ಎಂಬ ಕಾರ್ಡೂ ಅದರೊಳಗೇ ಹೋಯಿತು.

ಗೊತ್ತಿಲ್ಲದೆ ಮಾಡಿದೆ ಎಂದು ಹೇಳಲು ನನಗೆ ದಾರಿಯೇ ಇಲ್ಲ. ಕಾಗದ ನೆನೆಯಲು ನಾಲ್ಕು ದಿನ ಬೇಕಾಗುತ್ತದೆ. ಮೊದಲ ದಿನ ಎತ್ತಿ ಒಣಗಿಸಿದ್ದರೆ ಅರ್ಧವಾದರೂ ಉಳಿಯುತ್ತಿತ್ತು. ಎರಡನೆಯ ದಿನ ನೋಡಿದೆ, ಮಸಿ ಬಿಟ್ಟು ನೀರು ನೀಲಿಯಾಗಿತ್ತು. ಮುಚ್ಚಳ ಮುಚ್ಚಿ ಬಂದೆ. ಐದನೆಯ ದಿನ ಒನಕೆ ಹಿಡಿದೆ. ನಾಲ್ಕು ಬುಟ್ಟಿ ಸಿಂದಗಿಗೆ ಹೋದವು. ದೊಡ್ಡದೊಂದು ಮನೆಯಲ್ಲಿ ಉಳಿಯಿತು, ರೊಟ್ಟಿ ಇಡಲು.

ಕಾರಹುಣ್ಣಿಮೆಯ ಮುಂದೆ ಮಾಸ್ತರ ಕಾರ್ಡು ಬಂತು: ಯಾವ ದಿನ ಬಂದರೆ ಅನುಕೂಲ? ಗಂಡನ ಹೆಸರಿನಲ್ಲಿ ನಾನೇ ಬರೆದೆ: ಹೊಲದಾಗ ಬಿತ್ತಿಗೆ ಐತಿ, ಈಗ ಬೇಡ. ಮತ್ತೆ ಕೇಳಿದರು. ಅತ್ತೆಗೆ ಜಡ್ಡು ಎಂದು ಬರೆದೆ. ಅತ್ತೆ ಆಗ ಹೊಲದಲ್ಲಿ ಕಳೆ ತೆಗೆಯುತ್ತಿದ್ದಳು. ಮೂರನೆಯದಕ್ಕೆ ಉತ್ತರವನ್ನೇ ಬರೆಯಲಿಲ್ಲ. ದಸರೆ ಮುಗಿದ ಮೇಲೆ, ಶನಿವಾರ ನಾನೇ ಬರುತ್ತೇನೆ, ನಿಮಗೆ ತೊಂದರೆ ಕೊಡುವುದಿಲ್ಲ ಎಂದು ಕಾರ್ಡು ಬಂತು. ಆ ದಿನವೇ ಹೊಲದ ಬದುವಿನ ಒರಲೆ ಹುತ್ತದಿಂದ ಉಡಿಯಲ್ಲಿ ಮಣ್ಣು ತಂದು ಪೆಟ್ಟಿಗೆಯ ತಳಕ್ಕೆ ಸುರಿದೆ. ನೀರು ಚಿಮುಕಿಸಿ ಗೋಡೆಗೂ ಒಂದಿಷ್ಟು ಮೆತ್ತಿದೆ. ಬುಟ್ಟಿ ಮಾಡುವ ಕೈಗೆ ಅದೇನು ದೊಡ್ಡ ಕೆಲಸ.

ಮಾಸ್ತರು ಬಂದರು. ಬೆವರು ಒರೆಸಿಕೊಳ್ಳುವ ಮೊದಲೇ ಪೆಟ್ಟಿಗೆ ಕೇಳಿದರು. "ಒರಲಿ ತಿಂದ್ವು ನೋಡ್ರಿ" ಎಂದೆ. ಮುಚ್ಚಳ ತೆಗೆದು ಕುಕ್ಕುರುಗಾಲಲ್ಲಿ ಕುಳಿತರು. ಮಣ್ಣಿನಲ್ಲಿ ಕೈ ಹಾಕಿ ತಡಕಿದರು. ಬೈಯಬಹುದೆಂದು ನಾನು ಮಾತು ತಯಾರು ಮಾಡಿಕೊಂಡಿದ್ದೆ.

"ನಿಮ್ಮ ತಪ್ಪಲ್ಲ ಅಕ್ಕಾರ" ಎಂದರು. "ತಪ್ಪು ನಂದು. ಅವತ್ತೇ ಒಯ್ಯಬೇಕಿತ್ತು. ಮುದುಕನ ಕಾಗದ ಇಟ್ಟುಹೋದೆ, ನನಗ ಬುದ್ಧಿ ಇಲ್ಲ."

ಆಮೇಲೆ ತಮ್ಮ ಹೆಗಲ ವಸ್ತ್ರ ಹಾಸಿ, ಪೆಟ್ಟಿಗೆಯ ಮಣ್ಣನ್ನೆಲ್ಲ ಅದರಲ್ಲಿ ತುಂಬಿ ಗಂಟು ಕಟ್ಟಿದರು. ಸೋಸಿ ನೋಡಿದರೆ ಒಂದು ಚೂರು, ನಾಲ್ಕು ಅಕ್ಷರ ಸಿಕ್ಕಾವು ಅಂದರು. ನಾನು ತಡೆಯಲಿಲ್ಲ. ಊಟಕ್ಕೆ ಕೂಡಿಸಿ ಅದೇ ಬುಟ್ಟಿಯಿಂದ ರೊಟ್ಟಿ ತೆಗೆದು ಬಡಿಸಿದೆ. "ಬುಟ್ಟಿ ಭಾಳ ಚಂದ ಅದ ಅಕ್ಕಾರ, ನೀವೇ ಮಾಡಿದ್ದೇನು?" ಎಂದು ಕೇಳಿದರು. ಹೌದ್ರಿ ಎಂದೆ. ಇನ್ನೊಂದು ರೊಟ್ಟಿ ತೆಗೆದು ಅವರ ತಾಟಿಗೆ ಹಾಕಿದೆ.

ಊಟವಾದ ಮೇಲೆ, ಮುದುಕರ ದನಿಯನ್ನಾದರೂ ಕೇಳಿರಿ ಎಂದು ಯಂತ್ರ ಹೂಡಿದರು. ಗಂಡ ಹೊರಗೆ ಎತ್ತಿಗೆ ನೀರು ಕುಡಿಸುತ್ತಿದ್ದ. ಒಳಗೆ ನಾನು, ಮಾಸ್ತರು, ಮೂಲೆಯಲ್ಲಿ ಅತ್ತೆ. ಅತ್ತೆಗೆ ವಯಸ್ಸಾಗಿ ಕಿವಿ ಹೋಗಿತ್ತು. ಸಿಡಿಲು ಬಡಿದರೆ 'ಯಾರ ಬಂದ್ರು?' ಎಂದು ಕೇಳುವವಳು. ಮಾವ ಹಾಡತೊಡಗಿದ. ಒಂದು ಪದ, ಎರಡು ಪದ. ಅವನ ಕೆಮ್ಮು, ಒಂದರ ಹಿಂದೆ ಎರಡು, ಯಾವಾಗಲೂ ಹಾಗೇ. ಅತ್ತೆ ಚಕ್ರ ತಿರುಗುವುದನ್ನು ನೋಡುತ್ತಿದ್ದಳೇ ಹೊರತು ಮುಖದಲ್ಲಿ ಏನೂ ಇರಲಿಲ್ಲ. "ಏನೂ ಕೇಳವಲ್ದು" ಎಂದು ಕೈ ಆಡಿಸಿದಳು.

ಕೊನೆಗೆ ಒಂದು ಹೆಣ್ಣು ದನಿ ಒದರಿತು: ಮಾವಾರ, ಚಾ ಆರಾಕತ್ತೈತ್ರಿ. ನನ್ನ ದನಿ ಅಷ್ಟು ಒರಟೆಂದು ನನಗೆ ಗೊತ್ತೇ ಇರಲಿಲ್ಲ. ಅಷ್ಟರಲ್ಲಿ ಗಂಡ ಹೊರಗಿನಿಂದ, "ಮಾಸ್ತರ, ಮುದ್ದೇಬಿಹಾಳಕ್ಕ ಹೋಗೂ ಗಾಡಿ ಬಂತ್ರಿ" ಎಂದು ಕೂಗಿದ. ಒಂದು ಗಳಿಗೆ ನಿಲ್ಲಲು ಹೇಳುತ್ತೇನೆಂದು ಮಾಸ್ತರು ಎದ್ದು ಹೊರಗೆ ಹೋದರು. ಯಂತ್ರ ನಿಲ್ಲಿಸಲಿಲ್ಲ. ಪಟ್ಟಿ ಇನ್ನೂ ಸ್ವಲ್ಪ ಉಳಿದಿತ್ತು, ಸರ್ ಎಂದು ಸದ್ದು ಮಾಡುತ್ತಾ ತಿರುಗುತ್ತಿತ್ತು.

ಆ ಸದ್ದಿನೊಳಗಿಂದ ಮಾವ ಮಾತಾಡಿದ. ಹಾಡಲಿಲ್ಲ. ಕಟ್ಟೆಯ ಮೇಲೆ ಕುಳಿತು ಮಾತಾಡುವ ಹಾಗೆ ಮಾತಾಡಿದ.

"ಮಾಸ್ತರ, ಬರದಾಂವ ನಾ ಖರೆ. ಮಾತ ಎಲ್ಲಾ ಅಕೀವು. ಹಾಳಿ ಹೋದ್ರ ಹೋಗ್ಲಿ, ಅಕೀಗೆ ಏನೂ ಅನಬ್ಯಾಡ್ರಿ. ಅಕೀನ್ನ ಕೂಡ್ರಿಸಿ ಕೇಳ್ರಿ."

ಒಂದರ ಹಿಂದೆ ಎರಡು ಕೆಮ್ಮು. ಪಟ್ಟಿ ಮುಗಿದು ತುದಿ ಪಟಪಟ ಬಡಿಯತೊಡಗಿತು.

ಅತ್ತೆ ಮೂಲೆಯಿಂದ ನನ್ನ ಕಡೆ ತಿರುಗಿದಳು.

"ಏನ ಬೇ, ನಿನಗ ಏನೂ ಅನಬ್ಯಾಡ್ರಿ ಅಂತಾನಲ್ಲ ಮುದುಕ. ಅಂಥಾದ್ದೇನ ಮಾಡೀದಿ?"

ಮಾಸ್ತರು ಒಳಗೆ ಬಂದರು. ಕೊನೆಯದನ್ನು ಇನ್ನೊಮ್ಮೆ ಕೇಳಿಸಿರಿ ಎಂದೆ. ಹಿಂದಕ್ಕೆ ಸುತ್ತಿ ಹಚ್ಚಿದರು. ಚಾ ಆರಾಕತ್ತೈತ್ರಿ. ಆಮೇಲೆ ಬರೀ ಸದ್ದು, ಕೊನೆಯವರೆಗೂ. ಇನ್ನೊಮ್ಮೆ ಅಂದೆ. ಅದೇ. ಮೂರನೆಯ ಸಲ ಕೇಳಿದಾಗ ಮಾಸ್ತರು ನನ್ನ ಮುಖ ನೋಡಿದರು. ತಮ್ಮ ವಹಿ ತೆಗೆದು ತೋರಿಸಿದರು, ಸೊಸೆಯ ದನಿ, ಚಹಾ, ಇಲ್ಲಿಗೆ ಮುಗಿಯಿತು ಎಂದು ಬರೆದುಕೊಂಡಿದ್ದರು. "ಇಲ್ಲಿಗೆ ನಾನೇ ಬಂದ್ ಮಾಡಿದ್ದೆ ಅಕ್ಕಾರ. ನಿಮಗ ಏನರೆ ಕೇಳಿಸ್ತೇನು?"

ಇಲ್ಲ ಎಂದೆ. ಕೇಳಿಸಿತು ಅಂದರೆ ಏನು ಕೇಳಿಸಿತು ಎಂದು ಹೇಳಬೇಕು, ಅದನ್ನು ಹೇಳಿದರೆ ಯಾಕೆ ಹಾಗಂದ ಎಂಬುದನ್ನೂ ಹೇಳಬೇಕು. ಅವರು ಯಂತ್ರ ಒಂದು ಹೆಗಲಿಗೆ, ಮಣ್ಣಿನ ಗಂಟು ಒಂದು ಕೈಗೆ ಹಿಡಿದು ಗಾಡಿ ಹತ್ತಿದರು. ಮುದ್ದೇಬಿಹಾಳದ ಖಾನಾವಳಿಯಲ್ಲಿ ಇಳಿದುಕೊಂಡಿದ್ದರು, ಮರುದಿನ ಹತ್ತು ಗಂಟೆಯ ಬಸ್ಸಿಗೆ ಊರಿಗೆ ಹೋಗುವವರು.

ಇಷ್ಟು ವರ್ಷ ಇದನ್ನು ತಿರುವಿ ತಿರುವಿ ನೋಡಿದ್ದೇನೆ. ನನ್ನ ಕಳ್ಳ ಮನಸ್ಸೇ ಮಾತಾಡಿತು ಅನ್ನೋಣವೇ? ಹಾಗಿದ್ದರೆ ಅದು ಬೈಯಬೇಕಿತ್ತು. ಏನೂ ಅನ್ನಬೇಡಿ ಎಂಬ ಮಾತನ್ನು ನನ್ನ ಮನಸ್ಸು ಕಟ್ಟಲಾರದು, ನನಗೆ ನನ್ನ ಮನಸ್ಸು ಗೊತ್ತು. ಅತ್ತೆಗೆ ಬುಟ್ಟಿಯ ಸಂಗತಿ ಮೊದಲೇ ಗೊತ್ತಿದ್ದು, ನನ್ನನ್ನು ಚುಚ್ಚಲು ಹಾಗಂದಳೇ? ಇರಬಹುದು. ಆದರೆ ಮಾವ ಅಂದ ಮಾತನ್ನೇ ಅವಳು ಅಂದಳಲ್ಲ. ಮುಂದೆ ಎಷ್ಟೋ ಸಲ ಅವಳ ಕಿವಿಯ ಹತ್ತಿರ ಬಾಯಿಟ್ಟು ಕೇಳಿದೆ. "ಆ ಡಬ್ಬ್ಯಾಗ ನನಗೇನ ಕೇಳಿಸ್ತೈತಿ ಬೇ" ಅನ್ನುತ್ತಲೇ ಸತ್ತಳು. ಮಾವ ಯಂತ್ರದ ಮುಂದೆ ಕುಳಿತಾಗ ಕಾಗದ ಪೆಟ್ಟಿಗೆಯಲ್ಲಿ ಭದ್ರವಾಗಿತ್ತು. ಇನ್ನೂ ಮಾಡದ ತಪ್ಪಿಗೆ ಅವನು ಯಾಕೆ ಅಡ್ಡ ನಿಲ್ಲಬೇಕು? ದೆವ್ವ ಇದೆ ಎಂದು ನಾನು ಇಂದಿಗೂ ಹೇಳುವುದಿಲ್ಲ. ಇಲ್ಲ ಎಂದು ಹೇಳುವ ಬಾಯಿ ಮಾತ್ರ ಆ ದಿನ ಹೋಯಿತು. ಮಾವ ಬೈದಿದ್ದರೆ ತಿರುಗಿ ಅನ್ನುತ್ತಿದ್ದೆ, ಅನ್ನುವುದು ನನಗೆ ಬರುತ್ತದೆ. ಅವನು ನನ್ನ ಪರ ಮಾತಾಡಿದ.

ಮರುದಿನ ಕೋಳಿ ಕೂಗುವ ಹೊತ್ತಿಗೆ ಎದ್ದೆ. ಬುಟ್ಟಿಯಲ್ಲಿದ್ದ ರೊಟ್ಟಿಯನ್ನು ಅರಿವೆಯಲ್ಲಿ ಸುತ್ತಿಟ್ಟು, ಬುಟ್ಟಿ ಕೊಡವಿ ತಲೆಯ ಮೇಲೆ ಇಟ್ಟುಕೊಂಡೆ. ಗಂಡ ಬಾಗಿಲಲ್ಲಿ ಹಲ್ಲುಜ್ಜುತ್ತಾ ನಿಂತಿದ್ದ.

"ಮಾಸ್ತರನ ಕಡೆ ಹೊಂಟೇನ್ರಿ. ಕಾಗದ ಒರಲಿ ತಿಂದಿಲ್ಲ."

"ನನಗ ಗೊತ್ತೈತಿ" ಎಂದ ಅವನು, ಬಾಯಿ ಮುಕ್ಕಳಿಸಿ. "ಒರಲಿ ಏನ ಮೆಂತ್ಯಾ ಹಾಕ್ಕೊಂಡು ತಿಂತಾವೇನ?"

ಆರು ತಿಂಗಳು ಅವನು ಆ ಬುಟ್ಟಿಯ ರೊಟ್ಟಿ ತಿಂದಿದ್ದ. ನಾನು ತಲೆ ಎತ್ತದೆ ಅವನನ್ನು ದಾಟಿ, ರಸ್ತೆಗೆ ನಡೆದು ಮೊದಲ ಬಸ್ಸು ಹತ್ತಿದೆ.

ಖಾನಾವಳಿಯಲ್ಲಿ ಮಾಸ್ತರು ಮೇಜಿನ ಮೇಲೆ ಹಳೆಯ ಪೇಪರು ಹಾಸಿ ನನ್ನ ಹುತ್ತದ ಮಣ್ಣನ್ನು ಹರವಿಕೊಂಡು ಕುಳಿತಿದ್ದರು. ಕನ್ನಡಕ ಮೂಗಿನ ತುದಿಗೆ ಇಳಿಸಿ, ಕಡ್ಡಿಯಿಂದ ಒಂದೊಂದೇ ಹೆಂಟೆ ಒಡೆದು ನೋಡುತ್ತಿದ್ದರು. ಪಕ್ಕದಲ್ಲಿ ಚಹಾ ಆರಿಹೋಗಿತ್ತು. ನಾನು ಪೇಪರಿನ ನಾಲ್ಕು ಮೂಲೆ ಹಿಡಿದು ಮಣ್ಣನ್ನು ಕಿಟಕಿಯಿಂದ ಆಚೆ ಚೆಲ್ಲಿದೆ. ಅವರು 'ಅಕ್ಕಾರ, ಅಕ್ಕಾರ' ಎಂದು ಎದ್ದರು. ಬುಟ್ಟಿಯನ್ನು ಅವರ ಮುಂದೆ ಇಟ್ಟೆ.

"ನಿಮ್ಮ ಕಾಗದ ಇದು. ನಾನೇ ಕುಟ್ಟೇನಿ. ಒರಲಿಗೇನೂ ಗೊತ್ತಿಲ್ಲ."

ಎಲ್ಲ ಹೇಳಿದೆ, ಎರಡು ಸುಳ್ಳು ಕಾರ್ಡಿನ ಸಹಿತ. ಅವರು ಬುಟ್ಟಿಯನ್ನು ಬೆಳಕಿಗೆ ಹಿಡಿದು ಒಳಗೆ, ಹೊರಗೆ, ತಳ, ಎಲ್ಲ ತಿರುವಿ ನೋಡಿದರು. ಒಂದು ಅಕ್ಷರವೂ ಇರಲಿಲ್ಲ, ನಾನು ನುಣ್ಣಗೆ ಕುಟ್ಟುವವಳು. ಅವರು ಬೈಯಲಿಲ್ಲ, ಮುಖ ಮಾತ್ರ ನನ್ನ ಕಡೆ ಎತ್ತಲಿಲ್ಲ. ನಾನು ನೆಲದ ಮೇಲೆ ಕುಳಿತು, ಯಂತ್ರ ಹಚ್ಚಿರಿ ಎಂದೆ. ಯಾಕೆ ಅಂದರು. ಆಟದ ಸೊಸಿ ಅಂದದ್ದೆಲ್ಲ ನಾನು ಅಂದದ್ದು, ನೆನಪಿದ್ದಷ್ಟು ಅನ್ನುತ್ತೇನೆ ಎಂದೆ. ಮುಂದೆ ಅದು ಅರ್ಧ ಆಟವೂ ಆಗಲಿಲ್ಲ. ಪದಗಳು ಮಾವನವು, ಅವು ನನಗೆ ಬರುತ್ತಿರಲಿಲ್ಲ, ಅವು ಹೋದವು.

ಚಕ್ರ ತಿರುಗತೊಡಗಿತು. ಬುಟ್ಟಿಯ ಕಡೆ ನೋಡುತ್ತಾ, ಬೀಸುವ ಕಲ್ಲಿನ ಮುಂದೆ ಅಂದ ಮಾತನ್ನು ಖಾನಾವಳಿಯ ಮಂದಿಯೆಲ್ಲ ಕೇಳುವ ಹಾಗೆ ಒದರಿದೆ: "ಅತ್ತೀ, ಮಗನ್ನ ಕೊಟ್ಟೀರಿ ಖರೆ, ಅವಗ ನಾಲಿಗಿ ಕೊಡೂದ ಮರತೀರಿ."